9,800 ಎಂದು ಬರೆದ ಸೆಲ್ಲು, ಮುಕ್ಕಾಲು ಗಂಟೆಯ ಬೆಳಕು

ಕಳೆದ ಬೇಸಿಗೆಯ ಮಾತು. ಆ ವಾರ ನಮ್ಮ ಕಡೆಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿ. ಅಪ್ಪ ಹನ್ನೆರಡೂವರೆಗೆ ಎದ್ದು, ತಲೆಗೆ ಹೆಡ್‌ಲೈಟ್ ಕಟ್ಟಿಕೊಂಡು ಅಡಿಕೆ ತೋಟಕ್ಕೆ ನೀರು ತಿರುಗಿಸಲು ಹೋದರು. ಹೆಡ್‌ಲೈಟಿನಲ್ಲಿ ಇದ್ದದ್ದು ನಾನು ಆನ್‌ಲೈನಿನಲ್ಲಿ ತರಿಸಿಕೊಟ್ಟ ಹೊಸ ಸೆಲ್ಲು. ಜೋಡಿಗೆ 349 ರೂಪಾಯಿ. ಮೈಮೇಲೆ ದೊಡ್ಡದಾಗಿ 9,800 ಎಂಎಎಚ್ ಎಂದು ಬರೆದಿತ್ತು.

ಮೊದಲೆಲ್ಲ ಅಪ್ಪ ಜೇಬಿನಲ್ಲಿ ಇನ್ನೊಂದು ಸೆಲ್ಲು ಇಟ್ಟುಕೊಂಡೇ ಹೋಗುತ್ತಿದ್ದರು. ಅವತ್ತು ಇಟ್ಟುಕೊಳ್ಳಲಿಲ್ಲ. "ಇದೊಂದಿದ್ರೆ ರಾತ್ರಿಯೆಲ್ಲ ಬರುತ್ತೆ, ಇನ್ನೊಂದು ಯಾಕೆ" ಎಂದು ಹೇಳಿದವನು ನಾನೇ.

ಮುಕ್ಕಾಲು ಗಂಟೆಗೆ ಬೆಳಕು ಮಂಕಾಯಿತು, ಆಮೇಲೆ ಆರಿಯೇ ಹೋಯಿತು. ತೋಟದ ನಡುವೆ, ಕಾಲಡಿ ನೀರು, ಕೈಯಲ್ಲಿ ಸನಿಕೆ. ಕೀಪ್ಯಾಡ್ ಮೊಬೈಲಿನ ಚಿಕ್ಕ ಬೆಳಕಿನಲ್ಲಿ ಬದು ಹಿಡಿದು ಮನೆಗೆ ಬಂದರು. ನಮ್ಮ ತೋಟದಲ್ಲಿ ಕೊಳಕು ಮಂಡಲ ಕಾಣಿಸಿಕೊಳ್ಳುವುದು ಹೊಸದಲ್ಲ. ಬೆಳಿಗ್ಗೆ ಆ ಸೆಲ್ಲನ್ನು ನನ್ನ ಮುಂದಿಟ್ಟು, "ಕೋಳಿ ಕೂಗೋತಂಕ ಇರ್ತೈತೆ ಅಂದಿದ್ದೆಲ್ಲೋ" ಎಂದರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಜೋಡಿಯಲ್ಲಿದ್ದ ಇನ್ನೊಂದು ಸೆಲ್ಲನ್ನು ಪೂರ್ತಿ ಚಾರ್ಜ್ ಮಾಡಿ ಮನೆಯಲ್ಲೇ ಹಚ್ಚಿಟ್ಟು ನೋಡಿದೆ. ಅದರದ್ದೂ ಅದೇ ಕತೆ.

ಈಗ ಆ ಅಂಕಿಯ ವಿಷಯಕ್ಕೆ ಬರೋಣ. ಹೆಡ್‌ಲೈಟ್, ಟಾರ್ಚ್, ಸಣ್ಣ ಫ್ಯಾನುಗಳಿಗೆ ಹಾಕುವ, ಬೆರಳಿಗಿಂತ ಸ್ವಲ್ಪ ದಪ್ಪಗಿರುವ ಲಿಥಿಯಂ ಸೆಲ್ಲಿಗೆ 18650 ಎನ್ನುತ್ತಾರೆ. 18 ಮಿಲಿಮೀಟರ್ ಅಡ್ಡಳತೆ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಎಂದರೆ ಉರುಟು ಆಕಾರ. ಎಂಎಎಚ್ ಎನ್ನುವುದು ಅದರೊಳಗೆ ಎಷ್ಟು ಕರೆಂಟು ಹಿಡಿಯುತ್ತದೆ ಎನ್ನುವ ಅಳತೆ. ನೀರಿನ ಟ್ಯಾಂಕಿಗೆ ಲೀಟರ್ ಇದ್ದ ಹಾಗೆ.

ಹೆಸರಾಂತ ಕಂಪನಿಗಳ ಈ ಗಾತ್ರದ ಸೆಲ್ಲುಗಳು ಸಾಮಾನ್ಯವಾಗಿ 2,000ದಿಂದ 3,500 ಎಂಎಎಚ್ ಒಳಗಿರುತ್ತವೆ. ಆ ಡಬ್ಬಿಯಲ್ಲಿ ಅಷ್ಟೇ ಜಾಗ. ಇದೇ ಗಾತ್ರದಲ್ಲಿ 9,800 ಎಂದರೆ ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ಐವತ್ತು ಲೀಟರ್ ಹಾಲು ತಂದಿದ್ದೇನೆ ಎಂದಂತೆ. ಅದು ಹೆಚ್ಚು ಕಡಿಮೆ ಆದ ಲೆಕ್ಕವಲ್ಲ, ಇರಲು ಸಾಧ್ಯವೇ ಇಲ್ಲದ ಲೆಕ್ಕ.

ಲೆಕ್ಕ ನೀವೇ ಹಾಕಿ ನೋಡಿ. ಹೆಡ್‌ಲೈಟ್ ಒಂದು ಆಂಪಿಯರ್ ಕರೆಂಟು ಎಳೆಯುತ್ತದೆ ಎಂದುಕೊಳ್ಳಿ, ಅಂದರೆ ಗಂಟೆಗೆ 1,000 ಎಂಎಎಚ್. ಸೆಲ್ಲಿನಲ್ಲಿ 9,800 ಇದ್ದರೆ ಹತ್ತಿರ ಹತ್ತು ಗಂಟೆ ಬೆಳಕು ಬರಬೇಕು. ನಿಜವಾದ 3,000 ಇದ್ದರೆ ಮೂರು ಗಂಟೆ. ಮುಕ್ಕಾಲು ಗಂಟೆಗೇ ಮುಗಿಯಿತು ಎಂದರೆ ಒಳಗಿದ್ದದ್ದು 750ರ ಆಸುಪಾಸು.

ಅನುಮಾನ ಬಂದು ಪೇಟೆಯಲ್ಲಿ ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆ. 28 ಗ್ರಾಂ. ಒಳ್ಳೆಯ 18650 ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ. ಇಂಥ ನಕಲಿ ಸೆಲ್ಲುಗಳನ್ನು ಬಿಚ್ಚಿ ನೋಡಿದವರಿಗೆ ಒಳಗೆ ಒಂದು ಸಣ್ಣ ಸೆಲ್ಲು, ಸುತ್ತ ತುಂಬಿದ ಪುಡಿ ಸಿಕ್ಕಿದ್ದೂ ಇದೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ತೆಗೆದ ಸವೆದ ಸೆಲ್ಲಿಗೆ ಹೊಸ ಬಣ್ಣದ ಹೊದಿಕೆ ಹಾಕಿ ಮಾರುವುದೂ ಇದೆ. ನೀವು ಮಾತ್ರ ಬಿಚ್ಚಲು ಹೋಗಬೇಡಿ, ಲಿಥಿಯಂ ಸೆಲ್ಲು ಕುಯ್ದರೆ ಹೊತ್ತಿಕೊಳ್ಳಬಹುದು.

ನನ್ನ ಮಾತು ಇಷ್ಟೆ. ಸಂತೆಯಲ್ಲಿ ಈರುಳ್ಳಿ ತೂಗುವವನ ತಕ್ಕಡಿಗೂ ಸರ್ಕಾರದ ಮುದ್ರೆ ಬೇಕು. ರೇಷನ್ ಅಂಗಡಿಯಲ್ಲಿ ಅರ್ಧ ಕೆಜಿ ಅಕ್ಕಿ ಕಡಿಮೆ ಬಂದರೆ ಊರೇ ಸೇರಿ ಗಲಾಟೆ ಮಾಡುತ್ತದೆ, ನಾವು ಸುದ್ದಿ ಬರೆಯುತ್ತೇವೆ. ಹತ್ತು ಕೊಡುತ್ತೇನೆ ಎಂದು ಒಂದನ್ನೂ ಕೊಡದ ಸೆಲ್ಲಿಗೆ ಮಾತ್ರ, "ಆನ್‌ಲೈನು ಅಂದ್ರೆ ಹಂಗೇ ಬಿಡಪ್ಪ" ಎಂದು ಸುಮ್ಮನಾಗುತ್ತೇವೆ. ಇದೂ ತೂಕದ ಮೋಸವೇ. ಅಕ್ಕಿಗಾದರೆ ಮನೆಗೆ ಬಂದು ಮತ್ತೆ ತೂಗಿ ನೋಡಬಹುದು. ಸೆಲ್ಲನ್ನು ಅಳೆಯುವ ಸಾಮಾನು ಯಾರ ಮನೆಯಲ್ಲೂ ಇಲ್ಲ. ಅಳೆಯಲು ಬಾರದ ಸರಕಿನಲ್ಲಿ ಮೇಲೆ ಬರೆದ ಅಂಕಿಯನ್ನು ನಂಬುವುದೊಂದೇ ದಾರಿ. ಹಾಗಾಗಿ ಆ ಅಂಕಿ ಸುಳ್ಳಾದರೆ ಮೋಸ ಇನ್ನೂ ದೊಡ್ಡದು.

"ಅಗ್ಗಕ್ಕೆ ಆಸೆಪಟ್ಟರೆ ಇನ್ನೇನಾಗುತ್ತೆ" ಎಂದು ಕೇಳುವವರಿದ್ದಾರೆ. ಅಗ್ಗದ ಸೆಲ್ಲು ಮಾರಲಿ, ನನ್ನ ತಕರಾರಿಲ್ಲ. 700 ಎಂಎಎಚ್ ಎಂದು ಬರೆದು ಅದರ ಬೆಲೆಗೆ ಮಾರಿದ್ದರೆ ಅಪ್ಪ ಇನ್ನೊಂದು ಸೆಲ್ಲು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು.

ಕಡಿಮೆ ಬಂದದ್ದೆಲ್ಲ ಮೋಸ ಎಂದೂ ನಾನು ಹೇಳುವುದಿಲ್ಲ. 20,000 ಎಂಎಎಚ್ ಪವರ್ ಬ್ಯಾಂಕ್ ತಗೊಂಡರೆ 5,000 ಎಂಎಎಚ್ ಮೊಬೈಲು ನಾಲ್ಕು ಸಲ ಚಾರ್ಜ್ ಆಗುವುದಿಲ್ಲ. ಆ 20,000 ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. ಹೊರಗೆ 5 ವೋಲ್ಟಿಗೆ ಬರುವಾಗ ಅದು 14,800 ಆಗುತ್ತದೆ, ಬಿಸಿಯಾಗಿ ಇನ್ನಷ್ಟು ಸೋರುತ್ತದೆ. ಪ್ರಾಮಾಣಿಕ ಕಂಪನಿಗಳು 'ರೇಟೆಡ್ ಕೆಪಾಸಿಟಿ' ಎಂದು ಸಣ್ಣ ಅಕ್ಷರದಲ್ಲಿ ನಿಜ ಬರೆದಿರುತ್ತವೆ. ದೊಡ್ಡ ಅಕ್ಷರ ಬಿಟ್ಟು ಅದನ್ನು ಓದಿ.

ಸರಿ, ಸೆಲ್ಲು ಕೆಟ್ಟದ್ದು ಎಂದು ಗೊತ್ತಾಯಿತು. ವಾಪಸ್ ಕೊಡೋಣ ಎಂದು ಆ್ಯಪ್ ತೆಗೆದೆ. ಏಳು ದಿನದೊಳಗೆ ಬದಲಿ ಮಾತ್ರ, ಹಣ ವಾಪಸ್ ಇಲ್ಲ. ಬದಲಿಯನ್ನೇ ಕೊಡಲಿ ಎಂದರೆ, "ನಿಮ್ಮ ಪಿನ್‌ಕೋಡಿಗೆ ಪಿಕಪ್ ಸೌಲಭ್ಯ ಇಲ್ಲ, ನೀವೇ ಕೊರಿಯರ್ ಮಾಡಿ." ತಂದುಕೊಡುವಾಗ ಇದ್ದ ಪಿನ್‌ಕೋಡು ಒಯ್ಯುವಾಗ ಇಲ್ಲ! ತಾಲ್ಲೂಕಿನ ಕೊರಿಯರ್ ಆಫೀಸಿಗೆ ಹೋದರೆ, "ಲಿಥಿಯಂ ಬ್ಯಾಟರಿ ನಾವು ತಗೊಳ್ಳಲ್ಲ ಸಾರ್" ಎಂದರು. ಚಾಟಿನಲ್ಲಿ ಇಂಗ್ಲಿಷ್ ಅಥವಾ ಹಿಂದಿ. ಮೊದಲು ಯಂತ್ರ ಮಾತಾಡಿತು, ಆಮೇಲೆ ಮನುಷ್ಯ ಬಂದು ಯಂತ್ರ ಹೇಳಿದ್ದನ್ನೇ ಹೇಳಿದ. ಮೂರನೇ ದಿನ "ನಿಮ್ಮ ದೂರು ಪರಿಹಾರವಾಗಿದೆ" ಎಂದು ಮೆಸೇಜು.

ನಾನು ಪೇಪರಿಗೆ ಬರೆಯುವವನು, ಕಾನೂನು ಹುಡುಕಲು ಗೊತ್ತು. ಅಪ್ಪನೇ ತರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. 349 ರೂಪಾಯಿಗೆ ಯಾರು ಅಲೆಯುತ್ತಾರೆ? ಇಂಥ ಮಾರಾಟ ನಿಂತಿರುವುದೇ ಆ ಧೈರ್ಯದ ಮೇಲೆ.

ಆದರೆ ಕಾನೂನು ನಮ್ಮ ಕಡೆಗಿದೆ. ಗ್ರಾಹಕ ರಕ್ಷಣಾ ಕಾಯ್ದೆ 2019 ಮತ್ತು ಅದರಡಿ 2020ರಲ್ಲಿ ಬಂದ ಇ-ಕಾಮರ್ಸ್ ನಿಯಮಗಳನ್ನು ಓದಿದೆ. ಜಾಹೀರಾತಿನಲ್ಲಿ ಹೇಳಿದ ಗುಣ ಸರಕಿನಲ್ಲಿ ಇಲ್ಲದಿದ್ದರೆ ಮಾರುವವನು ಅದನ್ನು ವಾಪಸ್ ಪಡೆಯಲು, ಹಣ ಹಿಂದಿರುಗಿಸಲು ನಿರಾಕರಿಸುವಂತಿಲ್ಲ. 'ಬದಲಿ ಮಾತ್ರ' ಎಂಬ ಅವರ ಷರತ್ತು ಇದಕ್ಕಿಂತ ದೊಡ್ಡದಲ್ಲ. ಪ್ರತಿ ಆನ್‌ಲೈನ್ ಮಾರುಕಟ್ಟೆಯೂ ದೂರು ಪರಿಹಾರ ಅಧಿಕಾರಿಯನ್ನು ನೇಮಿಸಿ, ಹೆಸರು ಮತ್ತು ಸಂಪರ್ಕ ವಿವರವನ್ನು ತನ್ನ ತಾಣದಲ್ಲಿ ಹಾಕಿರಬೇಕು. ಆ ಅಧಿಕಾರಿ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಚಾಟಿನಲ್ಲಿ ಕೂತವರು ಈ ಅಧಿಕಾರಿಯ ಹೆಸರನ್ನು ಹೇಳುವುದಿಲ್ಲ. ಆ್ಯಪಿನ ತೀರಾ ಕೆಳಗೆ ಹುಡುಕಬೇಕು.

ನಾನು ಆ ಅಧಿಕಾರಿಗೆ ಮೇಲ್ ಮಾಡಿದೆ. ತಕ್ಕಡಿಯ ಫೋಟೊ, ಬಿಲ್ಲು, ಆ್ಯಪಿನಲ್ಲಿದ್ದ ವಿವರದ ಸ್ಕ್ರೀನ್‌ಶಾಟ್ ಹಾಕಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ದೂರು ಬರೆಸಿದೆ. ಹತ್ತೊಂಬತ್ತನೇ ದಿನ 349 ರೂಪಾಯಿ ಖಾತೆಗೆ ಬಂತು.

ಗೆದ್ದೆ ಎಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ದುಡ್ಡು ಬಂದ ದಿನ ಅದೇ ಆ್ಯಪಿನಲ್ಲಿ ಹುಡುಕಿದೆ. ಅದೇ ಸೆಲ್ಲು, ಅದೇ 9,800, ಅದೇ ನಾಲ್ಕು ನಕ್ಷತ್ರ. ಕೆಳಗೆ ಜನ ಬರೆದಿದ್ದರು: "ಬೇಗ ಬಂತು", "ಪ್ಯಾಕಿಂಗ್ ಚೆನ್ನಾಗಿದೆ". ಆ ನಕ್ಷತ್ರ ಸೆಲ್ಲಿಗಲ್ಲ, ರಟ್ಟಿನ ಡಬ್ಬಿಗೆ. ಸೆಲ್ಲಿನ ಬಂಡವಾಳ ಬಯಲಾಗುವ ಹೊತ್ತಿಗೆ ಏಳು ದಿನ ಮುಗಿದಿರುತ್ತದೆ, ಎಷ್ಟೋ ಜನ ತಮ್ಮ ಚಾರ್ಜರೇ ಸರಿಯಿಲ್ಲ ಎಂದುಕೊಳ್ಳುತ್ತಾರೆ.

ಹಾಗಾಗಿ ಒಬ್ಬೊಬ್ಬರಿಗೇ ದುಡ್ಡು ವಾಪಸ್ ಕೊಟ್ಟು ಬಾಯಿ ಮುಚ್ಚಿಸಿದರೆ ಸಾಲದು. ಈ ಮಾರುಕಟ್ಟೆಗಳು ಮೂರು ಕೆಲಸ ಮಾಡಬೇಕು.

ಒಂದು, ಸಾಧ್ಯವೇ ಇಲ್ಲದ ಅಂಕಿ ಹಾಕಿದ ಸರಕನ್ನು ಮಾರಾಟಕ್ಕೇ ಬಿಡಬಾರದು. 18650 ಸೆಲ್ಲಿಗೆ 9,800 ಎಂದು ಹಾಕಿದರೆ ತಡೆಯುವುದು ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ. ನಾನು ನಿನ್ನೆ ಯಾವ ಟಾರ್ಚ್ ನೋಡಿದೆ ಎಂದು ನೆನಪಿಟ್ಟು ಇವತ್ತು ಮತ್ತೆ ತೋರಿಸುವವರಿಗೆ ಇದು ಬರುವುದಿಲ್ಲವೆ?

ಎರಡು, ನಮ್ಮ ಪಿನ್‌ಕೋಡಿನಿಂದ ಸರಕು ವಾಪಸ್ ಒಯ್ಯುತ್ತಾರೋ ಇಲ್ಲವೋ ಎನ್ನುವುದನ್ನು ದುಡ್ಡು ಕಟ್ಟುವ ಮೊದಲೇ ದೊಡ್ಡ ಅಕ್ಷರದಲ್ಲಿ ತೋರಿಸಬೇಕು.

ಮೂರು, ಕನ್ನಡದಲ್ಲಿ ಜಾಹೀರಾತು ಹಾಕಿ ಮಾರಲು ಬರುವವರಿಗೆ ಕನ್ನಡದಲ್ಲಿ ದೂರು ಕೇಳಲೂ ಬರಬೇಕು.

"ನಾವು ಬರೀ ಮಧ್ಯವರ್ತಿ, ಮಾರುವವನು ಬೇರೆ" ಎನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ದುಡ್ಡು ಹೋಗುವುದು ಅವರ ಆ್ಯಪಿನ ಮೂಲಕ, ಕಮಿಷನ್ನೂ ಅವರಿಗೆ. 2022ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ, ಗುಣಮಟ್ಟದ ನಿಯಮ ಪಾಲಿಸದ ಪ್ರೆಶರ್ ಕುಕ್ಕರ್ ಮಾರಾಟಕ್ಕೆ ಬಿಟ್ಟ ಎರಡು ದೊಡ್ಡ ಆನ್‌ಲೈನ್ ಮಾರುಕಟ್ಟೆಗಳಿಗೆ ತಲಾ 1 ಲಕ್ಷ ರೂಪಾಯಿ ದಂಡ ಹಾಕಿ, ಕೊಂಡವರಿಗೆ ಹಣ ವಾಪಸ್ ಕೊಡುವಂತೆ ಆದೇಶಿಸಿತು. ಕಂಪನಿಗಳು ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದವು. ಏನೇ ಇರಲಿ, ಕುಕ್ಕರಿನ ಮೇಲೆ ಬಿದ್ದ ಕಣ್ಣು ಸೆಲ್ಲಿನ ಮೇಲೂ ಬೀಳಬೇಕು. ಅದಕ್ಕೆ ದೂರುಗಳು ಹೋಗಬೇಕು.

ನಮ್ಮ ಕೈಯಲ್ಲಿ ಇರುವುದು ಇಷ್ಟು.

ಕೊಳ್ಳುವ ಮೊದಲು ತೂಕ ನೋಡಿ. ಸ್ಪ್ರೇಯರ್ ಪಂಪಿಗೆ ಹಾಕುವ 12 ವೋಲ್ಟ್, 8 ಎಎಚ್ ಸೀಸದ ಬ್ಯಾಟರಿ ಎರಡು ಕೆಜಿಗಿಂತ ಹೆಚ್ಚೇ ತೂಗುತ್ತದೆ. ಒಂದೂವರೆ ಕೆಜಿ ಇದ್ದರೆ ಸೀಸ ಕಡಿಮೆ, ಕರೆಂಟೂ ಕಡಿಮೆ. ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕಿನ ಮೇಲೆ ಬಿಐಎಸ್ ಗುರುತಿನ ಜೊತೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. 'ಬಿಐಎಸ್ ಕೇರ್' ಆ್ಯಪಿನಲ್ಲಿ ಹಾಕಿದರೆ ಯಾವ ಕಂಪನಿಯದ್ದು ಎಂದು ಬರುತ್ತದೆ. ಅದು ಸುರಕ್ಷತೆಯ ಗುರುತು, ಎಂಎಎಚ್ ಅಂಕಿಗೆ ಕೊಟ್ಟ ಖಾತರಿಯಲ್ಲ ಎನ್ನುವುದು ನೆನಪಿರಲಿ.

ಆರ್ಡರ್ ಮಾಡಿದ ದಿನವೇ ಸರಕಿನ ವಿವರದ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಅಂಕಿ ಬದಲಾಗಿರಬಹುದು. ಡಬ್ಬಿ ತೆರೆಯುವಾಗ ಮಗನಿಗೋ ಮಗಳಿಗೋ ಹೇಳಿ ವಿಡಿಯೋ ಮಾಡಿಸಿ. ಬಂದ ಮರುದಿನವೇ ಪೂರ್ತಿ ಚಾರ್ಜ್ ಮಾಡಿ ಎಷ್ಟು ಹೊತ್ತು ಬರುತ್ತದೆ ಎಂದು ಮನೆಯಲ್ಲೇ ಹಚ್ಚಿಟ್ಟು ನೋಡಿ. ತೋಟಕ್ಕೆ ಆಮೇಲೆ.

ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಅಲ್ಲಿ ವಂಚಕರ ನಂಬರುಗಳೂ ಇರುತ್ತವೆ. ಓಟಿಪಿ ಕೇಳಿದರೆ, ಬೇರೆ ಆ್ಯಪ್ ಹಾಕಿಕೊಳ್ಳಿ ಎಂದರೆ ಫೋನ್ ಇಡಿ. ದುಡ್ಡು ಹೋಗಿಯೇಬಿಟ್ಟರೆ ತಕ್ಷಣ 1930ಕ್ಕೆ ಕರೆ ಮಾಡಿ.

1915ರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಕಂಪನಿ ಗುರುಗ್ರಾಮದಲ್ಲಿರಲಿ, ಬೆಂಗಳೂರಿನಲ್ಲಿರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗೆ ಚಿತ್ರದುರ್ಗ, ಬಸ್ಸಿನಲ್ಲಿ ಹೋಗಿ ಬರುವ ದೂರ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷದವರೆಗೆ ಅವಕಾಶವಿದೆ.

ಅಪ್ಪನ ಹೆಡ್‌ಲೈಟಿಗೆ ಈಗ ಪೇಟೆಯ ಅಂಗಡಿಯಿಂದ ತಂದ 2,600 ಎಂಎಎಚ್ ಸೆಲ್ಲು ಹಾಕಿದ್ದೇವೆ. ಎರಡೂವರೆ ಗಂಟೆ ಬರುತ್ತದೆ. ಜೇಬಿನಲ್ಲಿ ಇನ್ನೊಂದು ಇರುತ್ತದೆ. ನಾನು ಈಗ ಏನನ್ನೂ ಹೇಳಲು ಹೋಗುವುದಿಲ್ಲ.

ನಿಮ್ಮ ಮನೆಯ ಟಾರ್ಚಿನ ಮುಚ್ಚಳ ಬಿಚ್ಚಿ, ಸೆಲ್ಲಿನ ಮೇಲೆ ಏನು ಬರೆದಿದೆ ನೋಡಿ. ಈ ಗಾತ್ರದ ಸೆಲ್ಲಿನ ಮೇಲೆ ಆರು, ಎಂಟು, ಒಂಬತ್ತು ಸಾವಿರ ಎಂದಿದ್ದರೆ ಆ್ಯಪಿನಲ್ಲಿ ಹಳೆಯ ಬಿಲ್ಲು ಹುಡುಕಿ. ಎರಡು ವರ್ಷ ಆಗಿರದಿದ್ದರೆ 1915ಕ್ಕೆ ಒಂದು ಫೋನ್ ಮಾಡಿ. ಬರುವ ದುಡ್ಡು ಸಣ್ಣದೇ ಇರಬಹುದು. ಆದರೆ ಅಂಥ ಫೋನುಗಳು ಸಾವಿರಾರು ಹೋದರೆ, ಮುಂದಿನ ಬೇಸಿಗೆಯಲ್ಲಿ ಇನ್ನೊಬ್ಬರ ಅಪ್ಪ ಕತ್ತಲಲ್ಲಿ ಬದು ತಡವುವುದು ತಪ್ಪಬಹುದು.