ಗಂಡು ಮಕ್ಕಳ ಶಾಲೆಯ ಬಾಗಿಲು ಮೊದಲು ತೆರೆಯಲಿ

ಗಂಡು ಹೆಣ್ಣು ಮಕ್ಕಳನ್ನು ಒಂದೇ ಶಾಲೆಯಲ್ಲಿ ಓದಿಸಬೇಕೆ, ಬೇರೆ ಬೇರೆ ಇರಿಸಬೇಕೆ ಎಂಬ ಹಳೆಯ ವಾದಕ್ಕೆ 2022ರಲ್ಲಿ ಕೇರಳದಲ್ಲಿ ಮತ್ತೆ ಜೀವ ಬಂದಿತು. ಅಲ್ಲಿನ ಮಕ್ಕಳ ಹಕ್ಕುಗಳ ಆಯೋಗವು 2023-24ನೆಯ ಸಾಲಿನಿಂದ ಸಹಶಿಕ್ಷಣದ ಶಾಲೆಗಳು ಮಾತ್ರ ಇರತಕ್ಕದ್ದೆಂದು ಆಜ್ಞೆ ಮಾಡಿತು. ಆಗ ಅಲ್ಲಿ ಹೆಣ್ಣು ಮಕ್ಕಳ ಶಾಲೆಗಳು 280, ಗಂಡು ಮಕ್ಕಳವು 164. ಸರ್ಕಾರ ಹಿಂಜರಿಯಿತು, ಪೋಷಕರ ಸಂಘವೂ ಸ್ಥಳೀಯ ಸಂಸ್ಥೆಯೂ ಒಪ್ಪಿ ಕೇಳಿದರೆ ನೋಡೋಣವೆಂದಿತು. ಈ ಪ್ರಶ್ನೆ ಎದ್ದಾಗಲೆಲ್ಲ ನಮ್ಮ ಊರುಗಳಲ್ಲೂ ಕೇಳಿಬರುವ ಸೊಲ್ಲು ಒಂದೇ: ಕೂಡಿ ಕಲಿತರೆ ಮಕ್ಕಳು ಕೆಡುತ್ತಾರೆ.

ಇದನ್ನು ನಾವು ಒಪ್ಪಲಾರೆವು. ಗಿರಣಿಯಲ್ಲಿ ಹೆಣ್ಣಾಳು ಗಂಡಾಳು ಒಂದೇ ಸೂರಿನಡಿ ದುಡಿಯುತ್ತಾರೆ. ಸಂತೆಯಲ್ಲಿ ಹೆಂಗಸು ಗಂಡಸು ಪಕ್ಕಪಕ್ಕದಲ್ಲೇ ತಕ್ಕಡಿ ಹಿಡಿಯುತ್ತಾರೆ. ಕೂಲಿ ಕೊಡುವಾಗ, ಲಾಭ ಎಣಿಸುವಾಗ ಯಾರ ಮರ್ಯಾದೆಯೂ ಹೋಗುವುದಿಲ್ಲ. ಅವರ ಮಕ್ಕಳು ಒಂದು ಕರಿಹಲಗೆಯ ಮುಂದೆ ಕುಳಿತರೆ ಮಾತ್ರ ಹೋಗುತ್ತದೆಯೆ?

ಇನ್ನು ಖರ್ಚಿನ ಮಾತು. ಒಂದು ಅಂಗಡಿಯ ಬಂಡವಾಳದಲ್ಲಿ ಎರಡು ಅಂಗಡಿ ತೆರೆದರೆ ಎರಡರಲ್ಲೂ ಸರಕಿರುವುದಿಲ್ಲ. ಇದನ್ನು ನಮ್ಮ ಚಿಲ್ಲರೆ ವ್ಯಾಪಾರಿಗಳಿಗೆ ಹೇಳಿಕೊಡಬೇಕಾಗಿಲ್ಲ. ಸಣ್ಣ ಊರಿನಲ್ಲಿ ಎರಡು ಶಾಲೆ ಮಾಡಿದಾಗ ವಿಜ್ಞಾನದ ಪ್ರಯೋಗಶಾಲೆ ಒಂದು ಕಡೆ, ಬೀಗ ಹಾಕಿದ ಕೋಣೆ ಇನ್ನೊಂದು ಕಡೆ. ಬೀಗ ಯಾರ ಪಾಲಿಗೆಂದು ಬಿಡಿಸಿ ಹೇಳಬೇಕೆ? ಬೇರೆ ಶಾಲೆಯ ಬೆನ್ನಿಗೇ ಬೇರೆ ಪಾಠವೂ ಬರುತ್ತದೆ: ಅವನಿಗೆ ಗಣಿತ, ಅವಳಿಗೆ ಹೊಲಿಗೆ. 1961ರಲ್ಲಿ ನೇಮಕವಾದ ಹಂಸಾ ಮೆಹತಾ ಸಮಿತಿ ಗಂಡಿಗೊಂದು ಹೆಣ್ಣಿಗೊಂದು ಪಾಠಪಟ್ಟಿ ಸಲ್ಲದೆಂದಿತು. ಪ್ರಾಥಮಿಕ ಹಂತದಲ್ಲಿ ಸಹಶಿಕ್ಷಣವೇ ಸರಿಯೆಂದೂ ಹೇಳಿತು.

ಹಾಗಾದರೆ ಹೆಣ್ಣು ಮಕ್ಕಳ ಶಾಲೆಗಳನ್ನೆಲ್ಲ ಒಂದು ಆಜ್ಞೆಯಿಂದ ಮುಚ್ಚಿಬಿಡೋಣವೆ? ಇಲ್ಲಿ ನಮ್ಮ ಪ್ರಗತಿಪರ ಮಿತ್ರರೊಡನೆ ನಮಗೆ ಭಿನ್ನಾಭಿಪ್ರಾಯವಿದೆ. ಫುಲೆ ದಂಪತಿಗಳು 1848ರಲ್ಲಿ ಪುಣೆಯಲ್ಲಿ ತೆರೆದದ್ದು ಹೆಣ್ಣು ಮಕ್ಕಳ ಶಾಲೆಯನ್ನೇ. ಪಾಠ ಹೇಳಲು ಹೋಗುತ್ತಿದ್ದ ಸಾವಿತ್ರಿಬಾಯಿಯವರ ಮೇಲೆ ಸೆಗಣಿ ಎರಚಿದವರು ಕೂಡ ಮರ್ಯಾದೆಯ ಹೆಸರನ್ನೇ ಹೇಳುತ್ತಿದ್ದರು. ಹೆಣ್ಣಿಗೆ ಮುಚ್ಚಿದ್ದ ಬಾಗಿಲನ್ನು ಆ ಶಾಲೆ ತೆರೆಯಿತು. ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ತಂದೆ, "ಹೆಣ್ಣು ಮಕ್ಕಳ ಶಾಲೆಯಾದರೆ ಕಳಿಸುತ್ತೇನೆ, ಇಲ್ಲವಾದರೆ ಮನೆಯಲ್ಲಿರಲಿ" ಎಂದರೆ ಅವನನ್ನು ಮೂಢನೆಂದು ಜರೆಯುವುದು ಸುಲಭ. ಅದರಿಂದ ಮಗಳ ಓದು ನಿಲ್ಲುತ್ತದೆ, ಅಷ್ಟೆ. ಗಂಡು ಮಕ್ಕಳದೇ ಶಾಲೆಗೆ ಇಂಥ ಯಾವ ಸಮರ್ಥನೆಯೂ ಇಲ್ಲ. ಹುಡುಗಿಯರು ಪಕ್ಕದಲ್ಲಿದ್ದರೆಂದು ಯಾವ ತಂದೆಯೂ ಮಗನ ಓದು ಬಿಡಿಸಿದ್ದನ್ನು ನಾವು ಕಂಡಿಲ್ಲ!

ತಂದೆತಾಯಿಯರ ಭಯ ಹೋಗುವುದು ಉಪದೇಶದಿಂದಲ್ಲ. ಹೆಂಗಸರಿಗೆ ಕಕ್ಕಸಿಲ್ಲದ ದುಃಸ್ಥಿತಿಯನ್ನು ರಾಜಕೀಯದ ಪ್ರಶ್ನೆಯಾಗಿ ಎತ್ತಿದಾಗ ಡಾ. ಲೋಹಿಯಾ ಅವರನ್ನು ನೋಡಿ ನಕ್ಕವರಿದ್ದರು. ಶಾಲೆಯಲ್ಲಿ ಹುಡುಗ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕೆಂದು 2009ರ ಶಿಕ್ಷಣ ಹಕ್ಕಿನ ಕಾಯಿದೆಯೇ ವಿಧಿಸಿದೆ. ಕಟ್ಟಿದ ಶೌಚಾಲಯಕ್ಕೆ ನೀರಿದೆಯೆ, ಶಾಲೆಯಲ್ಲಿ ಒಬ್ಬರಾದರೂ ಉಪಾಧ್ಯಾಯಿನಿ ಇದ್ದಾರೆಯೆ, ಸಂಜೆ ಶಾಲೆ ಬಿಡುವ ಹೊತ್ತಿಗೆ ಬಸ್ಸು ಬರುತ್ತದೆಯೆ ಎಂದು ಪೋಷಕರು ಹೋಗಿ ನೋಡಬೇಕು, ಇಲ್ಲದಿದ್ದರೆ ಕೇಳಬೇಕು.

ಆದುದರಿಂದ ಸರ್ಕಾರಕ್ಕೆ ನಮ್ಮ ಒತ್ತಾಯವಿಷ್ಟೆ. ಗಂಡು ಮಕ್ಕಳಿಗೆಂದೇ ಮೀಸಲಾಗಿರುವ ಶಾಲೆಗಳು ಬರುವ ಸಾಲಿನಿಂದಲೇ ಹುಡುಗಿಯರನ್ನು ಸೇರಿಸಿಕೊಳ್ಳಲಿ. ಹೆಣ್ಣು ಮಕ್ಕಳ ಶಾಲೆಗಳನ್ನು ಕಟ್ಟಕಡೆಗೆ ಮುಟ್ಟಲಿ. ಅದೂ ಅಲ್ಲಿ ಓದುವ ಹುಡುಗಿಯರನ್ನು ಕೇಳಿದ ಮೇಲೆ.