ಹಗ್ಗ ಬಂದ ಮೇಲೆ ಗೋಡೆ ಯಾಕೆ?

ಅಸ್ಯಾಸಿನ್ಸ್ ಕ್ರೀಡ್ ಆಡುವವರ ಮಧ್ಯೆ ಎರಡು ಜಗಳ ಯಾವಾಗಲೂ ಇರುತ್ತೆ. ಒಂದು, ಆ ಕಾಲದಲ್ಲಿ ಇಲ್ಲದ ಯಂತ್ರಗಳನ್ನು ಗೇಮಿನೊಳಗೆ ತುರುಕಿದ್ದಾರೆ ಅನ್ನೋದು. ಇನ್ನೊಂದು, ಆಟದ ಶೈಲಿಯೇ ಬದಲಾಗಿದೆ ಅನ್ನೋದು. ನಮ್ಮ ಪ್ರಕಾರ ಇವೆರಡೂ ಒಂದೇ ಜಗಳ.

2009ರ ಎರಡನೇ ಗೇಮಿನಲ್ಲಿ ಎಟ್ಸಿಯೊ ವೆನಿಸ್ ನಗರದ ಮೇಲೆ ಲಿಯೊನಾರ್ಡೊ ಡ ವಿಂಚಿಯ ರೆಕ್ಕೆಯಂತ್ರದಲ್ಲಿ ಹಾರುತ್ತಾನೆ. ಲಿಯೊನಾರ್ಡೊ ಹಾರುವ ಯಂತ್ರಗಳ ಚಿತ್ರ ಬರೆದದ್ದು ನಿಜ, ಆ ಹಾರಾಟ ಮಾತ್ರ ಕಲ್ಪನೆ. ಆದರೂ ನಮಗೆ ಬೇಜಾರಾಗಲ್ಲ. ಅದು ಒಂದೇ ಮಿಷನ್. ಕೆಳಗಿನ ಬೆಂಕಿಯ ಬಿಸಿಗಾಳಿ ಹಿಡಿದು ಮೇಲೇರಬೇಕು, ತಪ್ಪಿದರೆ ಬೀಳ್ತೀವಿ. ಮುಗಿದ ಮೇಲೆ ಮತ್ತೆ ಗೋಡೆ ಹತ್ತೋದೇ.

2015ರ ಸಿಂಡಿಕೇಟ್ ಬೇರೆ ಕಥೆ. 1868ರ ಲಂಡನ್ನಿನಲ್ಲಿ ನಾಯಕರ ಕೈಗೆ ಹಗ್ಗ ಎಸೆಯುವ ಯಂತ್ರ ಸಿಗುತ್ತೆ. ಬಟನ್ ಒತ್ತಿದರೆ ಸೀದಾ ಚಾವಣಿ. ರಸ್ತೆ ಅಗಲ, ಕಟ್ಟಡ ಎತ್ತರ, ಅದಕ್ಕೇ ಬೇಕಿತ್ತು ಅನ್ನುವ ವಾದದಲ್ಲಿ ಹುರುಳಿದೆ. ಆದರೆ ಯಾವ ಕಿಟಕಿ ಹಿಡೀಬೇಕು, ಯಾವ ಅಂಚಿಗೆ ಕಾಲಿಡಬೇಕು ಅಂತ ಗೋಡೆ ಓದೋದೇ ಈ ಸರಣಿಯ ಆಟವಾಗಿತ್ತು. ಹಗ್ಗ ಬಂದ ಮೇಲೆ ಗೋಡೆ ಬರೀ ಚಿತ್ರ.

ಯಂತ್ರ ಇಲ್ಲದೆಯೂ ಇದೇ ನಷ್ಟ ಆಗಬಹುದು. 2017ರ ಒರಿಜಿನ್ಸ್ ಪ್ರಾಚೀನ ಈಜಿಪ್ಟಿನ ಕಥೆ, ನೋಡೋಕೆ ಅದ್ಭುತ. ಆದರೆ ಶತ್ರುವಿನ ಲೆವೆಲ್ ಜಾಸ್ತಿ ಇದ್ದರೆ, ಹಿಂದಿನಿಂದ ಹೋಗಿ ಗುಪ್ತ ಚಾಕು ಹಾಕಿದರೂ ಅವನು ಸಾಯಲ್ಲ! ಅಡಗಿ ಕಾದದ್ದಕ್ಕೆ ಬೆಲೆ ಏನು? 2023ರ ಮಿರಾಜ್ ಮತ್ತೆ ಅಡಗಿ ಆಡುವ ಶೈಲಿಗೆ ಮರಳಿದ್ದು ಸುಮ್ಮನೆ ಅಲ್ಲ.

ಭೈರುಂಬೆ, ಶಿರಸಿ, ಸಿದ್ದಾಪುರ ಕಡೆ ಯಕ್ಷಗಾನ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಕರ್ಣನ ಕಿರೀಟ ಯಾವ ಶತಮಾನದ್ದು ಅಂತ ಯಾರೂ ಕೇಳಲ್ಲ. ಮೈಕು, ಕರೆಂಟಿನ ದೀಪ ಬಂದವು, ಒಪ್ಪಿಕೊಂಡೆವು. ಹಾಸ್ಯಗಾರ ಪುರಾಣದ ಮಧ್ಯೆ ಮೊಬೈಲ್ ಮಾತೆತ್ತಿದರೂ ನಗ್ತೀವಿ. ಆದರೆ ಭಾಗವತರ ಪದಕ್ಕೆ ವೇಷಧಾರಿ ಕುಣಿಯೋದೇ ಬಿಟ್ಟರೆ? ಅದು ಯಕ್ಷಗಾನ ಅಲ್ಲ ಅಂತ ಎದ್ದು ಹೋಗ್ತೀವಿ.

ಇದನ್ನು ಇಲ್ಲಿ ಹೇಳೋಕೆ ಕಾರಣ ಇದೆ. ನಮ್ಮಲ್ಲೇ ಕೆಲವರು ಮುಂದೆ ಗೇಮ್ ಮಾಡ್ತೀವಿ. ಉತ್ತರ ಕನ್ನಡದಲ್ಲೇ ಕಥೆ ಇದೆ: 16ನೇ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಅಂತಲೇ ಕರೆದರು. ಅದರಲ್ಲಿ ಬಂದೂಕು ಇದ್ದರೆ ತಪ್ಪಿಲ್ಲ. 1520ರ ರಾಯಚೂರು ಯುದ್ಧದಲ್ಲೇ ಕೃಷ್ಣದೇವರಾಯನ ಕಡೆ ಪೋರ್ಚುಗೀಸ್ ಬಂದೂಕುಧಾರಿಗಳಿದ್ದರು. ಮೈಸೂರಿನ ಕಬ್ಬಿಣದ ರಾಕೆಟ್ ಇಟ್ಟರೆ ಮಾತ್ರ ಸುಮಾರು ಇನ್ನೂರು ವರ್ಷ ತಪ್ಪುತ್ತೆ. ಆ ರಾಕೆಟ್ಟುಗಳು 18ನೇ ಶತಮಾನದವು. 2018ರಲ್ಲಿ ನಗರದ ಹಳೇ ಬಾವಿಯೊಂದರಲ್ಲಿ ಸಾವಿರದಷ್ಟು ಸಿಕ್ಕವು.

ಇಸವಿ ತಪ್ಪೋದಕ್ಕಿಂತ ದೊಡ್ಡ ಸಮಸ್ಯೆ ಬೇರೆ ಇದೆ. ಘಟ್ಟದ ಕಾಡಿನಲ್ಲಿ ಅಡಗಿ, ಮೆಣಸಿನ ಹೇರು ಹೊತ್ತ ಎತ್ತುಗಳನ್ನು ಶತ್ರುವಿನ ಕಣ್ಣು ತಪ್ಪಿಸಿ ಬಂದರಿಗೆ ಮುಟ್ಟಿಸೋದು ನಮ್ಮ ಆಟ ಅಂದುಕೊಳ್ಳಿ. ಕೈಯಲ್ಲಿ ರಾಕೆಟ್ ಇದ್ದರೆ ಯಾರು ಅಡಗ್ತಾರೆ? ಹೊಸ ಆಯುಧ ಸೇರಿಸುವ ಮೊದಲು ‘ಇದು ಆ ಕಾಲದ್ದಾ?’ ಅಂತ ಕೇಳೋಣ. ಜತೆಗೇ ‘ಇದು ಬಂದರೆ ಆಡೋಕೆ ಏನು ಉಳಿಯುತ್ತೆ?’ ಅಂತಲೂ ಕೇಳೋಣ.