ಜಂಗು ಹಿಡಿದ ಬೋಲ್ಟಿಗೆ ಚತುರುಪಾಯ



ಗೃಹಕೃತ್ಯದ ಈ ಪುಟದಲ್ಲಿ ಕಬ್ಬಿಣದ ಬೋಲ್ಟಿನ ಮಾತೇಕೆಂದು ತಾವು ಕೇಳಬಹುದು. ಆದರೆ ಜಂಗು ಹಿಡಿದು ಬಿಗಿದ ತಿರುಪು ಇಲ್ಲದ ಮನೆ ಯಾವದು? ಬಾವಿಯ ರಾಟೆ, ನೀರೆತ್ತುವ ಪಂಪು, ಹೊಲಿಗೆಯ ಯಂತ್ರ, ಬಾಗಿಲಿನ ಬಿಜಾಗರಿ, ಎಲ್ಲೆಡೆಯಲ್ಲಿಯೂ ಇದೇ ಪೀಡೆ. ಇದರ ಪರಿಹಾರವನ್ನು ಒಂದು ಹಳೆಯ ಮೋಟಾರಿನ ನಿಮಿತ್ತದಿಂದ ಬರೆಯುತ್ತಿದ್ದೇನೆ.

ನಮ್ಮ ಕೊರ್ಲಹಳ್ಳಿಯು ತುಂಗಭದ್ರೆಯ ದಂಡೆಯ ಮೇಲಿನ ಊರು. ನೆರೆಮನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಒಂದು ಅಂಬ್ಯಾಸಡರ್ ಗಾಡಿಯು ಹನ್ನೆರಡು ವರ್ಷಗಳಿಂದ ನಿಂತಿದ್ದಿತು. ಆ ಮನೆಯ ಯಜಮಾನರು ಅದನ್ನು ಬಾಡಿಗೆಗೆ ನಡೆಯಿಸಿ ಮಕ್ಕಳನ್ನು ಓದಿಸಿದರು; ಹೆರಿಗೆಯ ನೋವು ತಿನ್ನುವ ಎಷ್ಟೋ ಹೆಣ್ಣುಮಕ್ಕಳನ್ನು ನಡುರಾತ್ರಿಯಲ್ಲಿ ಮುಂಡರಗಿಗೆ ಮುಟ್ಟಿಸಿದರು. ಅವರು ತೀರಿಕೊಂಡ ಬಳಿಕ ಗಾಡಿಯನ್ನು ಮುಟ್ಟಿದವರಿಲ್ಲ. ಗುಜರಿಯವನು ಎರಡು ಸಲ ಬಂದು ಬೆಲೆ ಕಟ್ಟಿ ಹೋದನು. ಮಗನು ಮಾತ್ರ ಅದನ್ನು ಮತ್ತೆ ನಡೆಯಿಸುವೆನೆಂದು ಹಟ ಹಿಡಿದು, ತಾಯಿಯಿಂದ ದೀಪಾವಳಿಯ ವರೆಗೆ ಅವಧಿಯನ್ನು ಬೇಡಿಕೊಂಡನು.

ಒಂದು ದಿನ ಹೋಗಿ ನೋಡುತ್ತೇನೆ: ಹೊಗೆಯ ಕೊಳವೆಯನ್ನು ಎಂಜಿನಿಗೆ ಬಿಗಿದ ನಟ್ಟಿಗೆ ಪಾನಾ ಹಾಕಿ, ಅದರ ಹಿಡಿಗೆ ಎರಡು ಮೊಳದ ಪೈಪು ಸಿಕ್ಕಿಸಿ, ಮೈಭಾರವನ್ನೆಲ್ಲ ಬಿಟ್ಟು ಜಗ್ಗುತ್ತಿದ್ದಾನೆ!

“ತಡಿಯೋ ತಮ್ಮಾ!” ಎಂದು ಕೂಗಿದೆನು.

“ಮಾಸ್ತರ್ರೀ, ಇದು ಸುಮ್ಮನ ಹೇಳಿದ್ರ ಬರೂದಿಲ್ರೀ” ಎಂದನು.

ನಾನು ಕೂಗಿದ್ದಕ್ಕೆ ಕಾರಣವಿದ್ದಿತು. ಇಪ್ಪತ್ತೈದರ ವಯಸ್ಸಿನಲ್ಲಿ ನಾನೂ ಹೊಳೆಯ ದಂಡೆಯ ನಮ್ಮ ಪಂಪಿಗೆ ಹೀಗೆಯೇ ಪೈಪು ಹಾಕಿ ಜಗ್ಗಿದ್ದೆನು. ಬೋಲ್ಟು ಒಳಗೇ ಮುರಿಯಿತು. ಪಂಪು ಎಂಟು ದಿನ ಗದುಗಿನಲ್ಲಿ ಬಿದ್ದಿತು. ಇತ್ತ ಉಳ್ಳಾಗಡ್ಡಿಯ ಬೆಳೆ ಕಣ್ಣೆದುರಿಗೇ ಒಣಗಿತು. ತಂದೆಯವರು ಒಂದು ಮಾತನ್ನೂ ಆಡಲಿಲ್ಲ. ಆ ಮೌನವನ್ನು ನಾನಿನ್ನೂ ಮರೆತಿಲ್ಲ. ಈ ಹುಡುಗನ ಗಾಡಿಯಾದರೋ 2014 ರಲ್ಲಿಯೇ ತಯಾರಿಕೆ ನಿಂತುಹೋದ ಜಾತಿಯದು. ಎಂಜಿನಿನ ತಲೆ ಕೆಟ್ಟರೆ ಗುಜರಿಯವನೇ ಗತಿ.

ಮೊದಲು ರೋಗದ ನಿದಾನವಾಗಲಿ. ನೀರು ಮತ್ತು ಗಾಳಿಯೊಳಗಿನ ಆಮ್ಲಜನಕವು ಕಬ್ಬಿಣದೊಡನೆ ಕೂಡಿ ಜಂಗಾಗುವದು. ಹೀಗೆ ಹುಟ್ಟಿದ ಜಂಗು ಮೂಲದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಸ್ಥಳವನ್ನು ಬೇಡುವದು. ನಟ್ಟು ಬೋಲ್ಟುಗಳ ನಡುವಿನ ಕೂದಲೆಳೆಯ ಸಂದಿಯಲ್ಲಿ ಅದಕ್ಕೆ ಸ್ಥಳವೆಲ್ಲಿ? ಆದುದರಿಂದ ಅದು ಎರಡನ್ನೂ ಬೆಣೆಯಂತೆ ಒತ್ತಿ ಹಿಡಿಯುವದು. ಈ ಹಿಡಿತವನ್ನು ಬಿಡಿಸಲು ನೀತಿಶಾಸ್ತ್ರದ ನಾಲ್ಕು ಉಪಾಯಗಳೇ ಸಾಕು; ಆದರೆ ಅವುಗಳ ಕ್ರಮವು ತಪ್ಪಬಾರದು.

ಮೊದಲನೆಯದು ಸಾಮ. ತಂತಿಯ ಕುಂಚದಿಂದ ಜಂಗನ್ನು ತಿಕ್ಕಿ ತೆಗೆದು, ಸರಿಯಾದ ಅಳತೆಯ ಪಾನಾ ಹುಡುಕಬೇಕು. ಅಂಬ್ಯಾಸಡರಿನ ಬೋಲ್ಟುಗಳು ಬಹುಮಟ್ಟಿಗೆ ಅಂಗುಲದ ಅಳತೆಯವು. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರು, ಅದಕ್ಕೆ 13 ರ ಪಾನಾ ಹಾಕಿದರೆ ಹಿಡಿದಂತೆ ತೋರಿ, ಜಗ್ಗಿದಾಗ ಜಾರಿ ಮೂಲೆಗಳನ್ನು ಸವೆಸುವದು. ಇನ್ನೂ ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ವಿಟ್‌ವರ್ಥನು 1841 ರಲ್ಲಿ ಸೂಚಿಸಿದ 55 ಅಂಶದ ತಿರುಪುಗಳುಂಟು. ಬ್ರಿಟನ್, ಅಮೇರಿಕಾ, ಕೆನಡಾಗಳು 60 ಅಂಶದ ಒಂದೇ ತಿರುಪಿಗೆ ಒಪ್ಪಿದ್ದು 1948 ರಲ್ಲಿ. ತಿರುವುವ ದಿಕ್ಕನ್ನೂ ವಿಚಾರಿಸಬೇಕು: ಹಳೆಯ ಡಾಜ್, ಪ್ಲಿಮತ್ ಗಾಡಿಗಳ ಎಡಬದಿಯ ಗಾಲಿಗಳಿಗೆ ವಿರುದ್ಧ ದಿಕ್ಕಿನ ತಿರುಪು ಇರುವದು. ಇದನ್ನರಿಯದವನು ಬಿಚ್ಚುವೆನೆಂದು ಇನ್ನಷ್ಟು ಬಿಗಿಯುವನು.

ಎರಡನೆಯದು ದಾನ, ಅಂದರೆ ಎಣ್ಣೆಯ ದಾನ. ಜಂಗು ಬಿಡಿಸುವ ತೆಳು ಎಣ್ಣೆಯು ಅಂಗಡಿಯಲ್ಲಿ ದೊರೆಯುವದು. ಇಲ್ಲದಿದ್ದರೆ ಚಿಮಣಿ ಎಣ್ಣೆಗೆ ಅಷ್ಟೇ ಎಂಜಿನ್ ಎಣ್ಣೆಯನ್ನು ಬೆರಸಬಹುದು. ಮುಂಜಾನೆ ಸಂಜೆ ಹನಿಸಿ, ಪ್ರತಿ ಸಲವೂ ಸುತ್ತಿಗೆಯಿಂದ ಹಗುರಾಗಿ ತಟ್ಟಬೇಕು. ತಟ್ಟುವದರಿಂದ ಜಂಗಿನಲ್ಲಿ ಬಿರುಕು ಹುಟ್ಟಿ ಎಣ್ಣೆಗೆ ದಾರಿಯಾಗುವದು. ಮೂರು ದಿನಗಳಾದ ಮೇಲೆ, ಮೊದಲು ಬಿಗಿಯುವ ಕಡೆಗೆ ಎಳ್ಳಷ್ಟು, ಆಮೇಲೆ ಬಿಚ್ಚುವ ಕಡೆಗೆ ತಿರುವಬೇಕು. ಅಲುಗಿತೆಂದು ಹಿಗ್ಗಿ ಒಮ್ಮೆಲೇ ತಿರುವದೆ, ಮುಂದೆ ಹಿಂದೆ ಆಡಿಸುತ್ತ ಎಣ್ಣೆ ಕುಡಿಸಬೇಕು.

ಮೂರನೆಯದು ಭೇದ, ಬೆಂಕಿಯಿಂದ ನಟ್ಟಿಗೂ ಬೋಲ್ಟಿಗೂ ಒಡಕು ಹುಟ್ಟಿಸುವದು. ನಟ್ಟನ್ನಷ್ಟೇ ಕಾಯಿಸಿದರೆ ಅದು ಹಿಗ್ಗುವದು. 8 ಮಿಲಿಮೀಟರು ರಂಧ್ರದ ಉಕ್ಕಿನ ನಟ್ಟಿಗೆ 200 ಅಂಶ ಕಾವು ಏರಿದರೆ, ರಂಧ್ರವು ಸುಮಾರು ಐವತ್ತರಲ್ಲೊಂದು ಮಿಲಿಮೀಟರು ದೊಡ್ಡದಾಗುವದು. ಅಲ್ಪವೆನ್ನಬೇಡಿರಿ, ಜಂಗಿನ ಹಿಡಿತ ಮುರಿಯಲು ಅಷ್ಟೇ ಸಾಕು. ಬಿಸಿಯಿರುವಾಗ ಮೇಣಬತ್ತಿಯನ್ನು ತಾಗಿಸಿದರೆ ಮೇಣವು ಕರಗಿ ಸಂದಿಗೆ ಇಳಿಯುವದು. ಆದರೆ ಪೆಟ್ರೋಲಿನ ಟಾಕಿ, ಅದರ ನಳಿಗೆ, ಬ್ರೇಕಿನ ಕೊಳವೆಗಳ ಸಮೀಪದಲ್ಲಿ ಬೆಂಕಿ ಸರ್ವಥಾ ಕೂಡದು. ಹಿಂದೆ ಹನಿಸಿದ ಎಣ್ಣೆಯನ್ನೂ ಚೊಕ್ಕಟವಾಗಿ ಒರಸಿರಬೇಕು.

ಕಡೆಯದು ದಂಡ. ನಟ್ಟನ್ನು ಚಾಣದಿಂದ ಸೀಳುವದು. ಬೋಲ್ಟು ಮುರಿದರೆ ನಟ್ಟನಡುವೆ ಗುರುತು ಮಾಡಿ, ಸಣ್ಣ ತೂತಿನಿಂದ ತೊಡಗಿ ಕ್ರಮೇಣ ದೊಡ್ಡದಾಗಿ ಕೊರೆದು ತೆಗೆಯುವದು. ಕಣ್ಣಿಗೆ ಕನ್ನಡಕವಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಹುಡುಗನು ಪೈಪನ್ನು ಕೆಳಗಿಟ್ಟನು. ಆರು ನಟ್ಟುಗಳಲ್ಲಿ ನಾಲ್ಕು ದಾನಕ್ಕೆ ಒಲಿದವು; ಐದನೆಯದು ಭೇದಕ್ಕೆ ಮಣಿಯಿತು. ಆರನೆಯದು ಇಷ್ಟೆಲ್ಲ ಉಪಚಾರವಾದರೂ ಮುರಿಯಿತು. ಅವನ ಮುಖ ಬಾಡಿತು. ಆದರೆ ಎರಡು ಸಂಜೆ ಕುಳಿತು ಕೊರೆದು, ಎಂಜಿನಿನ ತಲೆಗೆ ಗೀರು ತಾಗದಂತೆ ಅದನ್ನೂ ತೆಗೆದನು. ಮರಳಿ ಜೋಡಿಸುವಾಗ ಆ ಸ್ಥಳಕ್ಕೆ ಹಿತ್ತಾಳೆಯ ನಟ್ಟುಗಳನ್ನು ಹಾಕಿಸಿದೆನು. ಹಿತ್ತಾಳೆಯು ಕಬ್ಬಿಣದಂತೆ ಜಂಗು ಹಿಡಿಯುವದಿಲ್ಲ.

ಮನೆಯಲ್ಲಿ ಬಿಡಿಯಾಗಿ ಬಿಚ್ಚಬಹುದಾದ ಸಣ್ಣ ಸಾಮಾನುಗಳಿಗೆ ಇಷ್ಟು ಶ್ರಮವೂ ಬೇಡ. ರಾತ್ರಿ ಹುಣಸೆಯ ನೀರಿನಲ್ಲಿ ನೆನೆಯಿಟ್ಟು, ಮುಂಜಾನೆ ತಿಕ್ಕಿ ತೊಳೆದು, ಒರಸಿ ಎಣ್ಣೆ ಸವರಿದರೆ ಸಾಕು.

ಗಾಡಿಯ ಎಂಜಿನು ಇನ್ನೂ ಉಸಿರೆತ್ತಿಲ್ಲ. ಆದರೆ ಕಳೆದ ವಾರ ಗುಜರಿಯವನು ಮೂರನೆಯ ಸಲ ಬಂದಾಗ, ತಾಯಿಯು ಬಾಗಿಲಿನಿಂದಲೇ “ಕೊಡೂದಿಲ್ಲಪಾ, ಮಗಾ ರಿಪೇರಿ ಮಾಡಾಕತ್ತಾನ” ಎಂದು ಹೇಳಿ ಕಳುಹಿದಳು.